ದಂತನಾಡಿಯೂ ಬೇರುತುದಿಯ ಶಸ್ತ್ರಕರ್ಮವೂ

ಬೆಟಗೇರಿಯ ನಮ್ಮ ನೆರೆಯ ನೇಕಾರರೊಬ್ಬರು ಈಚೆಗೆ ನನ್ನಲ್ಲಿಗೆ ಬಂದು, ಎರಡು ವರ್ಷಗಳ ಹಿಂದೆ ರೂಟ್ ಕೆನಾಲ್ ಚಿಕಿತ್ಸೆಯಾದ ಕೆಳಗಣ ದವಡೆಹಲ್ಲಿನ ಬುಡದಲ್ಲಿ ಮತ್ತೆ ಕೀವು ಒಸರುವುದನ್ನು ತೋರಿಸಿ, “ಇದನ್ನ ಕೀಳಿಸಿಬಿಡಲೇನ್ರಿ ಪಂಡಿತರ? ನಿಮ್ಮ ಶಾಸ್ತ್ರದಾಗ ಏನದ?” ಎಂದು ಕೇಳಿದರು. ಅವರಿಗೆ ಹೇಳಿದುದನ್ನೇ ಇಲ್ಲಿ ಕಿಂಚಿತ್ ವಿಸ್ತರಿಸಿ ಬರೆಯುತ್ತೇನೆ.

ಸುಶ್ರುತಾಚಾರ್ಯನು ನಿದಾನಸ್ಥಾನದ 16ನೆಯ ಅಧ್ಯಾಯದಲ್ಲಿ ದಂತಮೂಲಗತ ರೋಗಗಳನ್ನು 15 ಎಂದೆಣಿಸಿ, ಅವುಗಳಲ್ಲಿ 5 ನಾಡಿಗಳೆಂದಿದ್ದಾನೆ. ಇಲ್ಲಿ ನಾಡಿಯೆಂದರೆ ಕೈಯ ನಾಡಿಯಲ್ಲ, ಕೀವು ಹರಿಯುವ ಕೊಳವೆ. ಚಿಕಿತ್ಸಾಸ್ಥಾನದ 22ನೆಯ ಅಧ್ಯಾಯದಲ್ಲಿ ಅವನ ವಿಧಿ ಹೀಗಿದೆ: ನಾಡಿಯು ಯಾವ ಹಲ್ಲನ್ನಾಶ್ರಯಿಸಿದೆಯೋ ಆ ಹಲ್ಲನ್ನು, ಅದು ಮೇಲಿನದಲ್ಲವಾದರೆ, ಮಾಂಸವನ್ನು ಛೇದಿಸಿ ಕೀಳತಕ್ಕದ್ದು, ಬಳಿಕ ಶೋಧಿಸಿ ಕ್ಷಾರದಿಂದಲೋ ಅಗ್ನಿಯಿಂದಲೋ ಸುಡತಕ್ಕದ್ದು. ಉಪೇಕ್ಷಿಸಿದರೆ ನಾಡಿಯು ದವಡೆಯೆಲುಬನ್ನೇ ಭೇದಿಸುವುದು. ಮೇಲಿನ ಹಲ್ಲನ್ನು ಕಿತ್ತರೆ ರಕ್ತಾತಿಸ್ರಾವದಿಂದ ಒಕ್ಕಣ್ಣತನ, ಅರ್ದಿತಗಳುಂಟಾಗುವುವೆಂದು ಅವನ ಭೀತಿ.

ವ್ಯಾಧಿಯ ಮೂಲವು ವಸಡಿನ ರಂಧ್ರದಲ್ಲಿಲ್ಲ, ಬೇರಿನಲ್ಲಿದೆ ಎಂಬ ಅವನ ನಿರ್ಣಯ ಇಂದಿಗೂ ನಿಲ್ಲುತ್ತದೆ. ಆದರೆ ಬೇರನ್ನು ಕಣ್ಣಾರೆ ಕಾಣುವ ಸಾಧನ ಅವನಿಗಿರಲಿಲ್ಲವಾಗಿ ಹಲ್ಲನ್ನೇ ಬಿಟ್ಟುಕೊಡಬೇಕಾಯಿತು. ಇಂದಿನ ಶಸ್ತ್ರವೈದ್ಯರು ಕ್ಷ-ಕಿರಣ ಚಿತ್ರವನ್ನು ನೋಡಿ, ಸಾಧ್ಯವಿದ್ದರೆ ಮೊದಲು ನಾಳವನ್ನೇ ಪುನಃ ಶೋಧಿಸಿ ತುಂಬುತ್ತಾರೆ. ಅದು ಫಲಿಸದಿದ್ದರೆ, ಅಥವಾ ಒಳಗೆ ಮುರಿದ ಸಲಾಕೆಯೋ ಬಿಗಿದ ಕೀಲೋ ಅಡ್ಡಿಯಾದರೆ, ವಸಡನ್ನು ಬಿಡಿಸಿ, ಎಲುಬಿನಲ್ಲಿ ಕಿಂಡಿ ಕೊರೆದು, ಕೊಳೆತ ಧಾತುವನ್ನು ಕೆರೆದು, ಬೇರಿನ ತುದಿಯನ್ನು ಸುಮಾರು 3 ಮಿಲಿಮೀಟರಿನಷ್ಟು ಕತ್ತರಿಸುತ್ತಾರೆ. ನಾಳದ ಕಿರುಗವಲುಗಳು ಬಹುಪಾಲು ಅಷ್ಟರಲ್ಲೇ ಇರುವುದರಿಂದ ಈ ಪ್ರಮಾಣ. ಉಳಿದ ಬಾಯನ್ನು ಹಿಂದಿನಿಂದ ಮುಚ್ಚುವುದಕ್ಕೆ ಎಂ.ಟಿ.ಎ. ಎಂಬ, ತೇವದಲ್ಲಿಯೂ ಗಟ್ಟಿಯಾಗುವ ಸಿಮೆಂಟಿನಂಥ ದ್ರವ್ಯವು 1993ರಿಂದೀಚೆಗೆ ಬಳಕೆಗೆ ಬಂದಿದೆ. ಇದೂ ಸುಶ್ರುತನಿಗೆ ತಿಳಿದಿತ್ತೆಂದು ವಾದಿಸುವ ಮಿತ್ರರಿದ್ದಾರೆ. ಆ ಅಧ್ಯಾಯಗಳಲ್ಲಿ ಬೇರುತುದಿಯನ್ನು ಮಾತ್ರ ಕತ್ತರಿಸುವ ಮಾತು ಎಲ್ಲಿಯೂ ಇಲ್ಲ.

ಎರಡು ಬೇರಿನ ಕೆಳಹಲ್ಲಿನಲ್ಲಿ ಒಂದು ಬೇರೇ ಕೆಟ್ಟಿದ್ದರೆ ಹಲ್ಲನ್ನು ಸೀಳಿ ಅರ್ಧವನ್ನುಳಿಸಿಕೊಳ್ಳುವ ಮಾರ್ಗವುಂಟು. ಹಲ್ಲನ್ನು ಮೆಲ್ಲನೆ ಕಿತ್ತು, ಹೊರಗೆ ಸರಿಪಡಿಸಿ, ಕೆಲವೇ ನಿಮಿಷಗಳಲ್ಲಿ ಅದೇ ಗುಳಿಯಲ್ಲಿ ಮರಳಿ ಕೂಡಿಸುವುದೂ ಉಂಟು. ಕೆಳದವಡೆಯಲ್ಲಿ ತುಟಿಯ ಸ್ಪರ್ಶಜ್ಞಾನದ ನರ, ಮೇಲ್ದವಡೆಯಲ್ಲಿ ಮೂಗಿನ ಪಕ್ಕದ ಕುಹರ, ಇವನ್ನು ಕಾಯ್ದುಕೊಳ್ಳಬೇಕು. ಬೇರು ಉದ್ದಕ್ಕೆ ಸೀಳಿದ್ದರೆ ಮಾತ್ರ ಇವು ಸಾಮಾನ್ಯವಾಗಿ ಸಾಲವು. ಅಲ್ಲಿ ಆಚಾರ್ಯನ ವಿಧಿಯೇ ವಿಧಿ.

ಆದಕಾರಣ ನೆರೆಯವರಿಗೆ, ಕೀಳಿಸುವ ಮುನ್ನ ಧಾರವಾಡದ ದಂತವೈದ್ಯ ಮಹಾವಿದ್ಯಾಲಯಕ್ಕೆ ಹೋಗಿ, ಬೇರು ಸೀಳಿದೆಯೋ ಇಲ್ಲವೋ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ ಬರಬೇಕೆಂದು ಹೇಳಿ ಕಳುಹಿಸಿದೆನು.