ಮನೆಯಲ್ಲೇ ಇವಿ ಚಾರ್ಜರ್: ಖರ್ಚೆಷ್ಟು ಎನ್ನುವ ಮುನ್ನ ಇವು ಗೊತ್ತಿರಲಿ

ಎಲೆಕ್ಟ್ರಿಕ್ ಕಾರು ಕೊಳ್ಳುವವರು ಚಾರ್ಜರ್ ಬೆಲೆಯನ್ನಷ್ಟೇ ವಿಚಾರಿಸುತ್ತಾರೆ. ಆದರೆ ಅಪಾರ್ಟ್‌ಮೆಂಟ್‌ಗಳಲ್ಲಿ ಮೀಟರ್‌ನಿಂದ ಪಾರ್ಕಿಂಗ್‌ವರೆಗೆ ಎಳೆಯುವ ಕೇಬಲ್‌ಗೂ ದೊಡ್ಡ ಮೊತ್ತ ಬೇಕಾಗಬಹುದು.

ಯಾವ ಚಾರ್ಜರ್ ಸಾಕು?
30 ಯೂನಿಟ್ ಸಾಮರ್ಥ್ಯದ ಬ್ಯಾಟರಿ ತುಂಬಲು 16 ಆಂಪ್ ಸಾಕೆಟ್‌ನಲ್ಲಿ (3.3 ಕಿಲೋವ್ಯಾಟ್) ಸುಮಾರು 10 ಗಂಟೆ ಬೇಕು. 7.2 ಕಿಲೋವ್ಯಾಟ್ ಚಾರ್ಜರ್‌ನಲ್ಲಿ 5 ಗಂಟೆಯೊಳಗೆ ಮುಗಿಯುತ್ತದೆ. ಆದರೆ ಇದಕ್ಕೆ ಮಂಜೂರಾದ ಲೋಡ್ ಹೆಚ್ಚಿಸಬೇಕಾದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ದಿನಕ್ಕೆ 40-50 ಕಿ.ಮೀ. ಓಡಿಸುವವರಿಗೆ ಸಾಕೆಟ್ ಸಾಕು.

ರಿಯಾಯಿತಿ ಏನಿದೆ?
ಚಾರ್ಜರ್ ಮೇಲಿನ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ.18ರಿಂದ ಶೇ.5ಕ್ಕೆ ಇಳಿದಿದೆ. ದೆಹಲಿಯ 2020ರ ನೀತಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ ಗರಿಷ್ಠ 6,000 ರೂ., ಮಹಾರಾಷ್ಟ್ರದ 2021ರ ನೀತಿ ಮೊದಲ 15,000 ಸ್ಲೋ ಚಾರ್ಜರ್‌ಗಳಿಗೆ ಗರಿಷ್ಠ 10,000 ರೂ. ಘೋಷಿಸಿದ್ದವು. ಇಂಥ ಯೋಜನೆಗಳಿಗೆ ಸಂಖ್ಯೆ, ಅವಧಿಯ ಮಿತಿ ಇರುತ್ತದೆ. ಸಬ್ಸಿಡಿ ನಂಬಿ ಹಣ ಕಟ್ಟುವ ಮುನ್ನ ನಿಮ್ಮ ವಿದ್ಯುತ್ ಕಂಪನಿಯಲ್ಲಿ ಖಚಿತಪಡಿಸಿಕೊಳ್ಳಿ.

ಪ್ರತ್ಯೇಕ ಮೀಟರ್ ಬೇಕೇ?
ಕಾರಿನ ಯೂನಿಟ್‌ಗಳು ಮನೆಯ ಬಿಲ್‌ಗೆ ಸೇರಿದರೆ ನೀವು ದುಬಾರಿ ಸ್ಲ್ಯಾಬ್‌ಗೆ ಏರಬಹುದು. 2024ರ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮದಂತೆ ಇವಿ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ಬಾಡಿಗೆ ಮನೆಯಲ್ಲಿದ್ದರೆ ಕೇಬಲ್ ಎಳೆಸುವ ಮೊದಲೇ ಮಾಲೀಕರು ಮತ್ತು ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮನೆ ಬಿಡುವಾಗ ಚಾರ್ಜರ್ ಬಿಚ್ಚಿಕೊಂಡು ಹೋಗಬಹುದು, ಕೇಬಲ್‌ಗೆ ಸುರಿದ ಹಣ ವಾಪಸ್ ಬರುವುದು ಕಷ್ಟ.