ಬೆರಳ ಗೆರೆ ಸವೆದರೂ ಗುರುತು ಅಳಿಯದು

ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ತೆಗೆದುಕೊಳ್ಳದೆ ಹಿರಿಯರು ಬರಿಗೈಲಿ ಮರಳುವುದನ್ನು ನಾವು ಕಾಣುತ್ತಿದ್ದೇವೆ. ಹೀಗೇಕೆಂದು ತಿಳಿಯೋಣ.

ಬೆರಳ ಗೆರೆಗಳು ತಾಯಿಯ ಗರ್ಭದಲ್ಲಿ ಸುಮಾರು 3ನೇ ತಿಂಗಳಿಂದ ಮೂಡತೊಡಗಿ, 6ನೇ ತಿಂಗಳ ಹೊತ್ತಿಗೆ ಸ್ಥಿರವಾಗುತ್ತವೆ. ಗರ್ಭದೊಳಗಿನ ಸಣ್ಣಪುಟ್ಟ ವ್ಯತ್ಯಾಸಗಳೂ ಅವನ್ನು ರೂಪಿಸುವುದರಿಂದ, ಒಂದೇ ಬಗೆಯ ಡಿಎನ್‌ಎ ಇರುವ ತದ್ರೂಪಿ ಅವಳಿಗಳ ಬೆರಳಚ್ಚೂ ಬೇರೆಬೇರೆ. ಇದನ್ನು ನೆಚ್ಚಿಯೇ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಚ್ಚುಗಳನ್ನು ವಿಂಗಡಿಸುವ ಕ್ರಮವನ್ನು ಬೆಳೆಸಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಪ್ರಮುಖರು.

ಗೆರೆಗಳ ಮೂಲ ಚರ್ಮದ ಒಳಭಾಗದಲ್ಲಿದೆ. ಸುಣ್ಣ, ಸಿಮೆಂಟು, ಬೀಡಿ ಕೆಲಸದಲ್ಲಿ ಸವೆಯುವುದು ಮೇಲ್ಪದರ. ಕೈಗೆ ಬಿಡುವು ಸಿಕ್ಕರೆ ಅದೇ ಗೆರೆ ಮತ್ತೆ ಮೂಡುತ್ತದೆ. ಆಳವಾದ ಗಾಯವಾದರೆ ಮಾತ್ರ ಕಲೆ ಉಳಿಯುತ್ತದೆ. ವಯಸ್ಸಾದಂತೆ ಚರ್ಮ ಒಣಗಿ ಗೆರೆಗಳ ಉಬ್ಬು ತಗ್ಗುತ್ತದೆ. ಯಂತ್ರ ಒಪ್ಪಲಿಲ್ಲವೆಂದರೆ ವ್ಯಕ್ತಿ ಬೇರೆ ಎಂದಲ್ಲ, ಅಚ್ಚು ಸ್ಪಷ್ಟವಾಗಿ ಬೀಳಲಿಲ್ಲ ಎಂದಷ್ಟೇ.

ಕೈ ತೊಳೆದು ಒರೆಸಿ, ಬೇರೆ ಬೆರಳು ಇಟ್ಟು ನೋಡಿ. ಆಧಾರ್‌ಗಾಗಿ ಹತ್ತೂ ಬೆರಳುಗಳ ಜೊತೆ ಎರಡೂ ಕಣ್ಣುಗಳ ಗುರುತನ್ನು ಪಡೆದಿರುತ್ತಾರೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿಯೂ ಕೊಡಬಹುದು. ಮನೆಯ, ನೆರೆಹೊರೆಯ ಹಿರಿಯರಿಗೆ ದಯವಿಟ್ಟು ತಿಳಿಸಿ.