ನಾಲ್ಕಂತಸ್ತಿನ ಅಂಚೆ

೧೯೭೭ನೆಯ ಇಸವಿ ನವೆಂಬರ್ ೨೨ರಂದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಹೆದ್ದಾರಿಯಲ್ಲಿ ಒಂದು ಮೋಟಾರು ವ್ಯಾನು ಸಾಗುತ್ತಲಿದ್ದಿತು. ಅದರೊಳಗಿನ ಯಂತ್ರವು ಕಳುಹಿಸಿದ ಸಂದೇಶವು ಮೊದಲು ರೇಡಿಯೋ ಅಲೆಗಳನ್ನೇರಿ, ಬಳಿಕ ನೆಲದ ತಂತಿಯ ಜಾಲವನ್ನು ಹಿಡಿದು, ಅಟ್ಲಾಂಟಿಕ್ ಸಾಗರದಾಚೆ ಯೂರೋಪನ್ನು ಮುಟ್ಟಿ, ಉಪಗ್ರಹದ ಮೂಲಕ ಹಿಂದಿರುಗಿ, ಲಾಸ್ ಏಂಜಲೀಸಿನ ಬಳಿಯ ಒಂದು ಗಣಕಯಂತ್ರವನ್ನು ಸೇರಿತು. ರೇಡಿಯೋ, ತಂತಿ, ಉಪಗ್ರಹ ಈ ಮೂರು ಜಾಲಗಳ ರೀತಿನೀತಿಗಳು ಬೇರೆ ಬೇರೆ; ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹೀಗಿದ್ದೂ ಸಂದೇಶವು ಕೆಡದೆ ತಲಪಿದುದು ಹೇಗೆ?

ಕೆಲಸವನ್ನು ಅಂತಸ್ತುಗಳಾಗಿ ಹಂಚಿಕೊಂಡುದೇ ಇದರ ಗುಟ್ಟು. ನಮ್ಮ ಮನೆಯ ಕಾಗದವನ್ನೇ ನೆನೆಯಿರಿ. ಬರೆದವರಿಗೆ ಒಕ್ಕಣೆಯ ಚಿಂತೆ. ಅಂಚೆಯವನಿಗೆ ವಿಳಾಸದ ಚಿಂತೆ. ರೈಲಿಗೆ ಚೀಲವನ್ನು ಹೊರುವುದಷ್ಟೇ ಕೆಲಸ. ರೈಲು ಕಾಗದವನ್ನು ಓದಬೇಕಾಗಿಲ್ಲ. ಬರೆದವರು ಎಂಜಿನ್ನಿನ ವಿದ್ಯೆಯನ್ನು ಕಲಿಯಬೇಕಾಗಿಲ್ಲ.

ಗಣಕಯಂತ್ರಗಳ ವ್ಯವಹಾರವೂ ಹೀಗೆಯೇ. ಎಲ್ಲಕ್ಕೂ ಮೇಲಿನ ಅಂತಸ್ತು ಒಕ್ಕಣೆಯದು. ಪತ್ರ, ಚಿತ್ರ, ಸಂಗೀತಗಳು ಹೊರಡುವುದು ಅಲ್ಲಿಂದ. ಅದರ ಕೆಳಗಿನದು ಒಕ್ಕಣೆಯನ್ನು ಚೂರುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಕ್ರಮಸಂಖ್ಯೆಯನ್ನು ಕೊಡುವುದು. ಮೂರನೆಯದು ವಿಳಾಸವನ್ನು ಬರೆದು ದಾರಿ ಹಚ್ಚುವುದು. ನಾಲ್ಕನೆಯದು ತಂತಿಯಲ್ಲಿಯೋ ಗಾಳಿಯಲ್ಲಿಯೋ ಹೊತ್ತು ಸಾಗಿಸುವುದು. ಪ್ರತಿಯೊಂದು ಅಂತಸ್ತೂ ಮೇಲಿನಿಂದ ಬಂದುದನ್ನು ತನ್ನ ಲಕೋಟೆಯಲ್ಲಿಟ್ಟು ಕೆಳಕ್ಕೆ ಒಪ್ಪಿಸುವುದು. ಆಚೆಯ ತುದಿಯಲ್ಲಿ ಆಯಾ ಲಕೋಟೆಯನ್ನು ಆಯಾ ಅಂತಸ್ತೇ ಬಿಚ್ಚುವುದು.

ಆದರೆ ನಡುದಾರಿಯಲ್ಲಿ ಒಂದು ಚೂರು ಕಳೆದುಹೋದರೆ ಹೊಣೆ ಯಾರದು? ೧೯೬೯ರಲ್ಲಿ ಹುಟ್ಟಿದ ಅರ್ಪಾನೆಟ್ ಎಂಬ ಅಮೆರಿಕದ ಜಾಲವು ಈ ಹೊಣೆಯನ್ನು ಬಹುಮಟ್ಟಿಗೆ ತಾನೇ ಹೊತ್ತಿದ್ದಿತು. ಹಲವು ಜಾಲಗಳು ಕೂಡಿದಾಗ ಎಲ್ಲವೂ ಅಷ್ಟೇ ನೆಚ್ಚಿಕೆಯವಾಗಿರುವುವೆಂದು ಹೇಳಲಾಗದು. ಆದಕಾರಣ ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬ ಇಬ್ಬರು ವಿದ್ವಾಂಸರು ೧೯೭೪ರ ತಮ್ಮ ಲೇಖನದಲ್ಲಿ ಆ ಹೊಣೆಯನ್ನು ಎರಡು ತುದಿಗಳ ಯಂತ್ರಗಳಿಗೇ ವಹಿಸಿದರು. ಪಡೆದವನು 'ಬಂದಿತು' ಎಂದು ರಸೀತಿ ಕಳುಹಿಸಬೇಕು. ವೇಳೆಗೆ ಸರಿಯಾಗಿ ರಸೀತಿ ಬಾರದಿದ್ದರೆ ಕಳುಹಿಸಿದವನು ಮತ್ತೆ ಕಳುಹಿಸಬೇಕು.

ಇದರಲ್ಲಿಯೂ ಒಂದು ತೊಡಕು ಕಂಡಿತು. ಬಾಯಿಮಾತನ್ನು ಕಳುಹಿಸುವಾಗ ಕಳೆದ ಚೂರನ್ನು ತಡವಾಗಿ ತರಿಸಿ ಫಲವೇನು? ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುವುದು. ಹಾಗಾಗಿ ೧೯೭೮ರಲ್ಲಿ ರಸೀತಿಯ ಕಟ್ಟಳೆಯನ್ನು ವಿಳಾಸದ ಕಟ್ಟಳೆಯಿಂದ ಬೇರ್ಪಡಿಸಿದರು. ಮೊದಲನೆಯದು ಟಿ.ಸಿ.ಪಿ., ಎರಡನೆಯದು ಐ.ಪಿ. ಬೇಕಾದವರು ಎರಡನ್ನೂ ಬಳಸಬಹುದು; ರಸೀತಿ ಬೇಡವಾದವರು ವಿಳಾಸವೊಂದರಿಂದಲೇ ಸಾಗಬಹುದು. ೧೯೮೩ರ ಜನವರಿ ೧ರಂದು ಅರ್ಪಾನೆಟ್ ಈ ಹೊಸ ಏರ್ಪಾಡಿಗೆ ಬದಲಾಯಿತು.

ಮರುವರ್ಷ, ೧೯೮೪ರಲ್ಲಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯವರು ಏಳು ಅಂತಸ್ತುಗಳ ಮಾದರಿಯೊಂದನ್ನು ಪ್ರಕಟಿಸಿದರು. ಅದು ಸಾಂಗವಾದುದು, ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುವರು. ಆದರೆ ಲೋಕವು ಬಳಸುತ್ತಿರುವುದು, ಆಗಲೇ ನಡೆದು ತೋರಿಸಿದ್ದ ನಾಲ್ಕಂತಸ್ತಿನದನ್ನು.

ಇದರ ಲಾಭವು ಬೇಗನೆ ತಿಳಿದುಬಂದಿತು. ೧೯೮೯ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವದ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ವರ್ಲ್ಡ್ ವೈಡ್ ವೆಬ್ಬಿನ ಯೋಜನೆಯನ್ನು ಮುಂದಿಟ್ಟಾಗ, ಅದಕ್ಕಾಗಿ ಒಂದು ತಂತಿಯನ್ನೂ ಬದಲಿಸಬೇಕಾಗಲಿಲ್ಲ. ಮೇಲಂತಸ್ತಿಗೆ ಹೊಸ ಒಕ್ಕಲು ಬಂದಿತು. ಕೆಳಗಿನವರು ಎಂದಿನಂತೆ ಚೀಲ ಹೊರುತ್ತಿದ್ದರು. ದೂರದೇಶದಿಂದ ಮೊಮ್ಮಗುವಿನ ಭಾವಚಿತ್ರವು ನಮ್ಮ ಕೈಯ ಫೋನಿಗೆ ಬರುವಾಗಲೂ ನಡೆಯುವುದು ಇದೇ: ಹೊತ್ತು ತಂದವರಿಗೆ ಅದು ಯಾರ ಮಗುವೆಂಬುದು ತಿಳಿಯದು, ಚೂರೊಂದು ಕಳೆದಿದ್ದರೆ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುವ ಹೊಣೆ ಈ ತುದಿಯದು ಮತ್ತು ಆ ತುದಿಯದು.